ಸರ್ವೆ ಮರದ ಕೆಳಗಿನ ಸೂರಿಗೆ ಎಂಥ ಜಾಲರಿ?

ಸರ್ವೆ ಮರದ ನೆರಳಲ್ಲಿರುವ ಮನೆಗೆ ಮಳೆಗಿಂತ ಮೊದಲು ಕೆಲಸ ಕೊಡುವುದು ಆಷಾಢದ ಗಾಳಿ. ಜೂನ್‌ನಿಂದ ಆಗಸ್ಟ್‌ವರೆಗೆ ಬೀಸುವ ಆ ಗಾಳಿಗೆ ಒಣಗಿದ ಸೂಜಿಗಳು ಉದುರಿ ಸೂರಿನಂಚಿನ ದೋಣಿಯ ಉದ್ದಕ್ಕೂ ಹಾಸಿಕೊಳ್ಳುತ್ತವೆ. ಕೋಲಾರ ಚಿನ್ನದ ಗಣಿ ಪ್ರದೇಶದ (ಕೆಜಿಎಫ್) ಚಾಂಪಿಯನ್ ರೀಫ್ಸ್, ಮಾರಿಕುಪ್ಪಂ, ಕೋರಮಂಡಲ್ ಕಡೆ ಇದರ ಜೊತೆಗೆ ಗಣಿಯ ತ್ಯಾಜ್ಯದ ರಾಶಿಗಳಾದ ಸೈನೈಡ್ ಗುಡ್ಡಗಳ ನಯವಾದ ಪುಡಿಯೂ ಹಾರಿಬಂದು ಕೂರುತ್ತದೆ. ಒಂದೆರಡು ತುಂತುರು ಬಿದ್ದರೆ ಸೂಜಿಯೂ ಪುಡಿಯೂ ಕಲೆತು, ಮತ್ತೆ ಬಿಸಿಲಿಗೆ ಒಣಗಿ, ದೋಣಿಯ ತಳದಲ್ಲಿ ಗಾರೆಯ ಹಾಗೆ ಗಟ್ಟಿಯಾಗುತ್ತದೆ. ಸೆಪ್ಟೆಂಬರ್‌ನಲ್ಲಿ ನಿಜವಾದ ಮಳೆ ಬಂದಾಗ ನೀರಿಗೆ ದಾರಿಯಿಲ್ಲ. ಅದು ದೋಣಿ ತುಂಬಿ ಹಿಂದಕ್ಕೆ ಉಕ್ಕುತ್ತದೆ, ಸೂರಿನ ಮರದ ಪಟ್ಟಿ ನೆನೆಯುತ್ತದೆ, ಗೋಡೆಯ ಒಳಮೈಯಲ್ಲಿ ತೇವದ ನಕ್ಷೆ ಮೂಡುತ್ತದೆ. ಗಣಿಯ ಕಾಲದ ಹಳೆಯ ಬಂಗಲೆಗಳಲ್ಲಿ ಬಾಡಿಗೆಗೆ ಇರುವವರಿಗೂ, ಸುತ್ತಮುತ್ತ ಸ್ವಂತ ಮನೆ ಕಟ್ಟಿಕೊಂಡವರಿಗೂ ಇದು ಚೆನ್ನಾಗಿ ಗೊತ್ತು.

ಇದಕ್ಕೆಂದೇ ‘ಗಟರ್ ಗಾರ್ಡ್’ ಎಂಬ ಸಾಮಾನು ಮಾರುಕಟ್ಟೆಯಲ್ಲಿದೆ. ದೋಣಿಯ ಬಾಯಿಗೆ ಹಾಕುವ ಜಾಲರಿ ಅಥವಾ ಮುಚ್ಚಳ ಅದು. ಆನ್‌ಲೈನ್‌ನಲ್ಲಿ ಹುಡುಕಿದರೆ ಹತ್ತಾರು ಬಗೆ ಸಿಗುತ್ತವೆ. ಹೆಚ್ಚಿನವು ಅಮೆರಿಕ, ಯುರೋಪಿನ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದವು. ಅಲ್ಲಿನ ಪೈನ್ ಮರಕ್ಕೆ ಒಗ್ಗಿದ್ದು ನಮ್ಮ ಸರ್ವೆಗೂ ಒಗ್ಗೀತೇ ಎಂದು ನೋಡದೆ ದುಡ್ಡು ಹಾಕಿದರೆ, ಒಂದೇ ವರ್ಷದಲ್ಲಿ ಅದನ್ನು ಕಿತ್ತು ಮೂಲೆಗೆ ಹಾಕಬೇಕಾಗುತ್ತದೆ.

ಕೋಲಾರದ ಬಯಲಿನಲ್ಲಿ ಪೈನ್ ಇಲ್ಲವೆಂದೇ ಹೇಳಬೇಕು. ಇಲ್ಲಿ ಆ ಜಾಗ ತುಂಬಿರುವುದು ಸರ್ವೆ. ತಮಿಳು ಮಾತಾಡುವ ಮನೆಗಳಲ್ಲಿ ಅದು ಸವುಕ್ಕು, ತೆಲುಗಿನವರಿಗೆ ಸರುಗುಡು. ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ಕಾರವಾರದ ಕರಾವಳಿಯಲ್ಲಿ ಇದರ ನೆಡುತೋಪು ಶುರುವಾಯಿತು. ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಾಣುಗಳ ನೆರವಿನಿಂದ ಗಾಳಿಯ ಸಾರಜನಕವನ್ನೇ ಗೊಬ್ಬರ ಮಾಡಿಕೊಳ್ಳುವುದರಿಂದ ಬಡ ಮಣ್ಣಿನಲ್ಲೂ ಬದುಕುತ್ತದೆ.

ನೆಲಕ್ಕೆ ಬಿದ್ದ ಒಂದು ಸರ್ವೆ ಸೂಜಿಯನ್ನು ಕೈಗೆತ್ತಿಕೊಂಡು ನೋಡಿ. ನಾವು ಎಲೆ ಎಂದುಕೊಂಡಿರುವುದು ಎಲೆಯಲ್ಲ, ಹಸಿರು ಕಿರುರೆಂಬೆ. ಅದರ ಉದ್ದಕ್ಕೂ ಅರ್ಧ ಸೆಂಟಿಮೀಟರಿಗೋ ಮುಕ್ಕಾಲಿಗೋ ಒಂದು ಗೆಣ್ಣು ಇರುತ್ತದೆ. ಪ್ರತಿ ಗೆಣ್ಣಿನ ಸುತ್ತ ಬರಿಗಣ್ಣಿಗೆ ಅಷ್ಟಾಗಿ ಕಾಣದ ಆರೆಂಟು ಪುಟ್ಟ ಹಲ್ಲುಗಳಿರುತ್ತವೆ. ನಿಜವಾದ ಎಲೆ ಅವು. ಎರಡೂ ತುದಿ ಹಿಡಿದು ಎಳೆದರೆ ಗೆಣ್ಣಿನಲ್ಲಿ ಚಟ್ಟನೆ ಬಿಟ್ಟುಕೊಳ್ಳುತ್ತದೆ. ಒಣಗಿದ ಸೂಜಿಯಾದರೆ ಉಜ್ಜಿದರೆ ಸಾಕು, ತುಂಡು ತುಂಡಾಗುತ್ತದೆ.

ಜಾಲರಿ ಆರಿಸುವಾಗ ಮುಖ್ಯವಾಗುವುದು ಈ ಗುಣವೇ. ಹಿಮಾಲಯದ ಚೀರ್ ಪೈನ್‌ನ ಸೂಜಿ ಇಪ್ಪತ್ತರಿಂದ ಮೂವತ್ತು ಸೆಂಟಿಮೀಟರ್ ಉದ್ದವಿದ್ದು, ಮೂರು ಮೂರು ಒಟ್ಟಿಗೆ ಗೊಂಚಲಾಗಿ ಉದುರುತ್ತದೆ. ಅದು ಸ್ವಲ್ಪ ದೊಡ್ಡ ತೂತಿನ ಮೇಲೂ ಅಡ್ಡಡ್ಡ ಮಲಗಿ ನಿಲ್ಲಬಹುದು. ಸರ್ವೆಯದು ಹಾಗಲ್ಲ. ದಪ್ಪ ಒಂದು ಮಿಲಿಮೀಟರಿಗಿಂತ ಕಡಿಮೆ, ಮೇಲಾಗಿ ಮುರಿದು ಸಣ್ಣ ಚೂರಾಗುತ್ತದೆ. ದೊಡ್ಡ ತೂತಿನ ಜಾಲರಿಯಲ್ಲಿ ಚೂರುಗಳು ನೇರವಾಗಿ ಒಳಗೆ ಬೀಳುತ್ತವೆ. ಮಧ್ಯಮ ತೂತಿನ ಜಾಲರಿಯಲ್ಲಿ ಆಗುವುದು ಇನ್ನೂ ಕೆಟ್ಟದ್ದು: ಸೂಜಿ ಅರ್ಧ ಒಳಗೆ ಅರ್ಧ ಹೊರಗೆ ನೆಟ್ಟಗೆ ಸಿಕ್ಕಿಕೊಳ್ಳುತ್ತದೆ, ಅದರ ಸುತ್ತ ಉಳಿದವು ಹೆಣೆದುಕೊಳ್ಳುತ್ತವೆ, ವಾರದಲ್ಲಿ ಚಾಪೆಯೇ ತಯಾರು. ಕಿಟಕಿಗೆ ಹಾಕುವ ಸೊಳ್ಳೆ ಜಾಲರಿಯನ್ನೇ ದೋಣಿಗೂ ಹೊದಿಸಿದವರು ನೋಡುವುದು ಇದನ್ನೇ. ಆ ಜಾಲರಿಯ ಕಣ್ಣು ಒಂದು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು, ಸರ್ವೆ ಸೂಜಿ ತೂರಿ ಸಿಕ್ಕಿಕೊಳ್ಳಲು ಹೇಳಿ ಮಾಡಿಸಿದ ಅಳತೆ.

ಬೇಸತ್ತು ಮರವನ್ನೇ ಕಡಿದುಬಿಡೋಣ ಅನ್ನಿಸುವುದು ಸಹಜ. ಮರಗಳ ರಕ್ಷಣೆಗೆಂದು 1976ರಲ್ಲಿ ಬಂದ ಕರ್ನಾಟಕದ ಕಾಯ್ದೆಯೂ ಸರ್ವೆ, ನೀಲಗಿರಿ, ಸಿಲ್ವರ್ ಓಕ್‌ಗಳನ್ನು ಅನುಮತಿಯ ಕಟ್ಟುಪಾಡಿನಿಂದ ಹೊರಗಿಟ್ಟಿದೆ. (ಜಾಗ ನಿಮ್ಮದಲ್ಲದಿದ್ದರೆ ಮಾಲೀಕರ ಒಪ್ಪಿಗೆ ಬೇಕೇಬೇಕು, ಅದು ಬೇರೆ ಮಾತು.) ಆದರೂ ಕೆಜಿಎಫ್‌ನಲ್ಲಿ ಇರುವವರು ಆ ಕೆಲಸ ಮಾಡಬಾರದೆಂದು ಕೇಳಿಕೊಳ್ಳುತ್ತೇನೆ. ನೂರಿಪ್ಪತ್ತು ವರ್ಷ ಅದಿರನ್ನು ಅರೆದು ಚಿನ್ನ ತೆಗೆದ ಮೇಲೆ ಉಳಿದ ಪುಡಿಯೇ ಇಲ್ಲಿನ ಸೈನೈಡ್ ಗುಡ್ಡಗಳು. 2001ರಲ್ಲಿ ಗಣಿ ಮುಚ್ಚಿತು, ಗುಡ್ಡ ಇಲ್ಲೇ ಉಳಿಯಿತು. ಗಾಳಿ ಎದ್ದ ದಿನ ಆ ಪುಡಿ ಮನೆಯೊಳಗೆ, ತಟ್ಟೆಯೊಳಗೆ, ಮಕ್ಕಳ ಎದೆಯೊಳಗೆ ಹೋಗದಂತೆ ಒಂದಿಷ್ಟಾದರೂ ತಡೆಯುವುದು ಮನೆ ಮುಂದಿನ ಮರಗಳ ಸಾಲು. ಸೂರಿನ ಮೇಲೆ ಚಾಚಿದ ರೆಂಬೆಗಳನ್ನು ಸವರಿಸಿ. ಮಾಡಿಗೂ ಕೊಂಬೆಗೂ ಆರೇಳು ಅಡಿ ಅಂತರ ಬಂದರೆ ಬೀಳುವ ಸೂಜಿ ಎಷ್ಟೋ ಕಡಿಮೆಯಾಗುತ್ತದೆ, ಕೋತಿಗಳು ಹಾರಿ ಬರುವ ದಾರಿಯೂ ತಪ್ಪುತ್ತದೆ. ಬೊಡ್ಡೆ ಮಾತ್ರ ಇರಲಿ.

ದೋಣಿಯ ಮಾತು ಬರೀ ಗೋಡೆಯ ತೇವದ್ದಲ್ಲ, ನೀರಿನದ್ದೂ ಹೌದು. ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಕೆಜಿಎಫ್‌ಗೆ ನೀರು ಕೊಡಲೆಂದು ಪಾಲಾರ್‌ಗೆ ಕಟ್ಟಿದ ಬೇತಮಂಗಲದ ಜಲಾಶಯ ಮಳೆ ಕೈಕೊಟ್ಟ ವರ್ಷಗಳಲ್ಲಿ ತಳ ಕಾಣುತ್ತದೆ. ಬೋರ್‌ವೆಲ್ ಸಾವಿರ ಅಡಿ ದಾಟಿದ ಊರುಗಳು ಬೇಕಾದಷ್ಟಿವೆ, ಬಂದ ನೀರಿನಲ್ಲೂ ಫ್ಲೋರೈಡ್. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ತರುವ ಕೆ.ಸಿ. ವ್ಯಾಲಿ ಯೋಜನೆ 2018ರಿಂದ ಜಿಲ್ಲೆಯ ಕೆರೆಗಳನ್ನು ತುಂಬುತ್ತಿದೆ, ಅದು ಅಂತರ್ಜಲಕ್ಕೆಂದು ಮಾಡಿದ್ದು. ಹೀಗಿರುವಾಗ ಮಾಡಿನ ಮೇಲೆ ಬೀಳುವ ನೀರಿನ ಲೆಕ್ಕ ಹಾಕಿ: ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಐವತ್ತು ಚದರ ಮೀಟರಿನ ಸಣ್ಣ ಮಾಡು, ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ, ಐದರಲ್ಲಿ ಒಂದು ಪಾಲು ಪೋಲಾಯಿತು ಅಂದುಕೊಂಡರೂ 28 ಸಾವಿರ ಲೀಟರ್ ಸಿಗುತ್ತದೆ. ದುಡ್ಡು ಕೊಟ್ಟು ತರಿಸುವ ಐದಾರು ಟ್ಯಾಂಕರ್‌ಗಳ ನೀರು ಅದು. ಕಟ್ಟಿಕೊಂಡ ದೋಣಿ ಅಷ್ಟನ್ನೂ ಅಂಗಳಕ್ಕೆ ಚೆಲ್ಲುತ್ತದೆ.

ಯಾವುದು ಬೇಡ, ಯಾವುದು ಸರಿ

ಸ್ಪಂಜಿನ ಗಾರ್ಡ್ ಬೇಡ. ದೋಣಿಯೊಳಗೆ ತುರುಕುವ ಈ ಸ್ಪಂಜು ಹಾಕಲು ಸುಲಭ, ಬೆಲೆಯೂ ಕಡಿಮೆ. ಸರ್ವೆ ಚೂರು ಮತ್ತು ಪುಡಿ ಅದರ ಕಣ್ಣುಗಳಲ್ಲಿ ಕೂತರೆ ತೊಳೆದರೂ ಹೋಗುವುದಿಲ್ಲ, ಬಿಸಿಲಿಗೆ ಸ್ಪಂಜೇ ಪುಡಿಯಾಗತೊಡಗುತ್ತದೆ. ಯಾವಾಗಲೂ ಒದ್ದೆ ಇರುವುದರಿಂದ ಹಕ್ಕಿಗಳು ಹಿಕ್ಕೆ ಹಾಕಿದ ಕಡೆ ಅರಳಿ ಸಸಿ ಹುಟ್ಟುತ್ತದೆ. ಅರಳಿ ಬೇರು ಹೆಂಚಿನ ಸಂದಿಗೂ ಗೋಡೆಗೂ ಇಳಿದರೆ ಕಿತ್ತಷ್ಟೂ ಚಿಗುರುತ್ತದೆ, ಹಳೆಯ ಕಟ್ಟಡಗಳನ್ನು ನೋಡಿದವರಿಗೆ ಅದನ್ನು ವಿವರಿಸಬೇಕಿಲ್ಲ.

ಬ್ರಷ್ ಗಾರ್ಡ್ ಸಹ ಸರ್ವೆಗೆ ಸಲ್ಲ. ಉದ್ದ ಸರಿಗೆಯ ಸುತ್ತ ಪ್ಲಾಸ್ಟಿಕ್ ಬಿರುಗೂದಲು ಕಟ್ಟಿದ ಇದು ಅಗಲ ಎಲೆಯನ್ನು ಮೇಲೇ ಹಿಡಿದು ನಿಲ್ಲಿಸುತ್ತದೆ. ಸೂಜಿಗಳು ಮಾತ್ರ ಕೂದಲಿನ ನಡುವೆ ನುಗ್ಗಿ ಹೆಣೆದುಕೊಂಡು ಬಿಡುತ್ತವೆ. ಬಿಡಿಸಬೇಕಾದರೆ ಬ್ರಷ್ಷನ್ನೇ ಹೊರಗೆಳೆದು ನೆಲಕ್ಕೆ ಬಡಿಯಬೇಕು. ಇನ್ನೊಂದು ವಿಷಯ: ಸ್ಪಂಜೂ ಬ್ರಷ್ಷೂ ಎರಡೂ ಉರಿಯುವ ವಸ್ತು. ಒಣ ಸರ್ವೆ ಸೂಜಿ ಒಲೆ ಹೊತ್ತಿಸಲು ಎಷ್ಟು ಚೆನ್ನಾಗಿ ಬರುತ್ತದೆಂದು ಹಳ್ಳಿಯವರಿಗೆ ಗೊತ್ತು. ದೀಪಾವಳಿಯ ರಾಕೆಟ್ ಮಾಡಿನ ಮೇಲೆ ಬಿದ್ದರೆ ಏನಾದೀತೆಂದು ಯೋಚಿಸಿ.

ಮೇಲೆ ಗುಮ್ಮಟದ ಹಾಗಿದ್ದು ತುದಿಯಲ್ಲಿ ಒಳಕ್ಕೆ ಬಾಗಿದ ಮುಚ್ಚಳಗಳಿವೆ. ನೀರು ಬಾಗಿದ ಅಂಚಿಗೆ ಅಂಟಿಕೊಂಡು ಸಣ್ಣ ಸಂದಿಯಿಂದ ಒಳಗೆ ಇಳಿಯುತ್ತದೆ, ಎಲೆ ಮುಂದಕ್ಕೆ ಜಾರಿ ಬೀಳುತ್ತದೆ ಎಂಬ ಲೆಕ್ಕ ಅದರದು. ಮಾವು, ಹೊಂಗೆಯ ಎಲೆಗೆ ಈ ಲೆಕ್ಕ ಸರಿ. ಸರ್ವೆ ಚೂರು ಹಗುರ, ನೀರಿನ ಜೊತೆಗೇ ಬಾಗಿ ಒಳಗೆ ಹೋಗುತ್ತದೆ. ಅಂಚಿನ ಮೇಲೆ ದೂಳು ಕೂತರೆ ನೀರು ಅಂಟಿಕೊಳ್ಳದೆ ಹೊರಗೆ ಹಾರುತ್ತದೆ. ನಮ್ಮಲ್ಲಿ ಮೇ ತಿಂಗಳ ಗುಡುಗು ಮಳೆ ಅರ್ಧ ಗಂಟೆಯಲ್ಲಿ ಸುರಿದು ಮುಗಿಯುವಂಥದು, ಆ ರಭಸಕ್ಕೂ ನೀರು ಸಂದಿ ದಾಟಿ ಹೋಗುತ್ತದೆ.

ತೂತು ಹೊಡೆದ ಅಲ್ಯೂಮಿನಿಯಂ ಅಥವಾ ಜಿ.ಐ. ತಗಡು ರಾಬರ್ಟ್‌ಸನ್‌ಪೇಟೆ, ಬಂಗಾರಪೇಟೆಯ ಅಂಗಡಿಗಳಲ್ಲಿ ಕೇಳಿದರೆ ಸಿಗುವಂಥದ್ದು, ಗಟ್ಟಿಮುಟ್ಟು. ಮನೆಯ ಸುತ್ತ ಇರುವುದು ನೀಲಗಿರಿ, ಮಾವು, ಸಿಲ್ವರ್ ಓಕ್ ಮಾತ್ರ ಆಗಿದ್ದರೆ ಇದಕ್ಕಿಂತ ಹೆಚ್ಚಿನದನ್ನು ಹುಡುಕುವ ಅಗತ್ಯವೇ ಇಲ್ಲ. ಸರ್ವೆ ಇದ್ದರೆ ಮಾತ್ರ ಐದು ಮಿಲಿಮೀಟರಿನ ತೂತು ಏನನ್ನೂ ತಡೆಯುವುದಿಲ್ಲ.

ಸರ್ವೆಗೆ ಸರಿಯಾದದ್ದು ನೇಯ್ದ ಸ್ಟೇನ್‌ಲೆಸ್ ಸ್ಟೀಲಿನ ಸಣ್ಣ ಕಣ್ಣಿನ ಜಾಲರಿ, ಅದಕ್ಕೆ ಕೆಳಗಿನಿಂದ ಆಸರೆಯಾಗಿ ತೂತು ತಗಡಿನ ಚೌಕಟ್ಟು. ಕಣ್ಣಿನ ಅಳತೆ ಅರ್ಧ ಮಿಲಿಮೀಟರಿನ ಆಸುಪಾಸು ಇರಲಿ. ಅಂಗಡಿಯಲ್ಲಿ ಇದನ್ನು ‘30 ಮೆಶ್’ ಎಂದು ಕೇಳಬಹುದು: ಒಂದು ಇಂಚಿಗೆ ಮೂವತ್ತು ಎಳೆ. ‘304’ ದರ್ಜೆಯ ಉಕ್ಕು ನಮ್ಮ ಒಣ ಹವೆಗೆ ಸಾಕು. ‘316’ ಸಮುದ್ರದ ಉಪ್ಪುಗಾಳಿ ಇರುವ ಊರಿನವರಿಗೆ. ಇದಕ್ಕಿಂತಲೂ ಸಣ್ಣ ಕಣ್ಣು ಒಳ್ಳೆಯದಲ್ಲವೇ ಎಂದು ಕೇಳಬಹುದು. ಬೇರೆ ಊರಲ್ಲಾದರೆ ಹೌದು ಅನ್ನಬಹುದಿತ್ತು. ಸೈನೈಡ್ ಗುಡ್ಡದ ಪುಡಿ ಹಾರುವ ಕಡೆ ಅತಿ ಸಣ್ಣ ಕಣ್ಣು ಬೇಗ ಮುಚ್ಚಿಕೊಳ್ಳುತ್ತದೆ. ಅರ್ಧ ಮಿಲಿಮೀಟರಿನ ಕಣ್ಣಿಂದ ಆ ಪುಡಿ ಮಳೆನೀರಿನ ಜೊತೆ ದಾಟಿ ಹೋಗುತ್ತದೆ, ಸೂಜಿ ಮೇಲೇ ಉಳಿಯುತ್ತದೆ.

ಕೊಳ್ಳುವ ಮೊದಲು ಒಂದಡಿ ತುಂಡನ್ನು ಮಾದರಿಗೆ ತನ್ನಿ, ಕೊಡದ ಅಂಗಡಿಯನ್ನು ಬಿಡಿ. ಆ ತುಂಡನ್ನು ಬಕೆಟ್ ಮೇಲೆ ಓರೆಯಾಗಿ ಇಟ್ಟು, ನಿಮ್ಮ ಅಂಗಳದ ಒಣ ಸೂಜಿಯನ್ನು ಕೈಯಲ್ಲಿ ಉಜ್ಜಿ ಒಂದು ಹಿಡಿ ಚೆಲ್ಲಿ, ಜೊತೆಗೆ ಒಂದು ಚಮಚ ಬೀದಿಯ ದೂಳು. ಚೊಂಬಿನಿಂದ ನೀರು ಸುರಿಯಿರಿ. ಬಿಸಿಲಲ್ಲಿ ಒಣಗಿಸಿ, ಬೆರಳಿಂದ ಕೆಳಗಿನಿಂದ ತಟ್ಟಿ. ಸೂಜಿ ಉದುರಬೇಕು. ಮತ್ತೆ ನೀರು ಸುರಿದರೆ ಮೊದಲಿನಷ್ಟೇ ಚುರುಕಾಗಿ ಇಳಿಯಬೇಕು. ಸೂಜಿಗಳು ನೆಟ್ಟಗೆ ಸಿಕ್ಕಿಕೊಂಡು ತಟ್ಟಿದರೂ ಬೀಳದಿದ್ದರೆ ಆ ಜಾಲರಿಯ ಕಣ್ಣು ನಿಮ್ಮ ಮರಕ್ಕೆ ದೊಡ್ಡದು.

ಇಳಿಜಾರು ಇಲ್ಲದಿದ್ದರೆ ಎಲ್ಲ ವ್ಯರ್ಥ

ಒಳ್ಳೆಯ ಜಾಲರಿ ತಂದು ದೋಣಿಯ ಮೇಲೆ ಮಟ್ಟಸವಾಗಿ ಹಾಕಿಬಿಡುವವರೇ ಹೆಚ್ಚು. ಮಟ್ಟಸವಾದ ಜಾಲರಿಯ ಮೇಲೆ ಸೂಜಿ ಬೀಳುತ್ತದೆ, ಅಲ್ಲೇ ಮಲಗುತ್ತದೆ, ಮಳೆಗೆ ನೆನೆದು ಹಾಸಾಗುತ್ತದೆ, ನೀರು ಅದರ ಮೇಲೆ ಜಾರಿ ಅಂಗಳಕ್ಕೆ. ತಡೆದ ಸೂಜಿ ಎಲ್ಲಿಗೆ ಹೋಗಬೇಕು ಎಂದು ಯೋಚಿಸಿ ಜಾಲರಿ ಕೂರಿಸಬೇಕು. ಮಾಡಿನ ಇಳಿಜಾರನ್ನೇ ಜಾಲರಿಯೂ ಮುಂದುವರಿಸಲಿ: ಹಿಂದಿನ ಅಂಚು ಹೆಂಚು ಅಥವಾ ಶೀಟಿನ ಕೆಳಗೆ ಹೋಗಲಿ, ಮುಂದಿನ ಅಂಚು ದೋಣಿಯ ತುಟಿಯ ಮೇಲೆ ಬರಲಿ. ಆಗ ಒಣಗಿದ ಸೂಜಿಯನ್ನು ಗಾಳಿಯೇ ಜಾರಿಸುತ್ತದೆ. ದೋಣಿ ಹೆಂಚಿನ ಮಟ್ಟಕ್ಕೇ ಇದ್ದು ಇಳಿಜಾರು ಸಿಗದಿದ್ದರೆ, ದೋಣಿಯನ್ನೇ ಒಂದೆರಡು ಇಂಚು ಕೆಳಕ್ಕೆ ಇಳಿಸಿ ಕಟ್ಟಿಸುವುದು ಮೇಲು. ‘ಮೇಲೆ ಮೆಶ್ ಹೊಡೆದುಬಿಡಿ ಅಣ್ಣಾ’ ಅಂದರೆ ವೆಲ್ಡಿಂಗ್ ಶಾಪಿನವರು ಹೊಡೆದುಕೊಟ್ಟು ಹೋಗುತ್ತಾರೆ. ‘ಮಾಡಿನ ವಾಟಕ್ಕೇ ಬರಬೇಕು, ಸ್ಕ್ರೂ ಬಿಚ್ಚಿದರೆ ತೆಗೆಯಲು ಬರಬೇಕು’ ಎಂದು ಎರಡೂ ಮಾತು ಬಿಡಿಸಿ ಹೇಳಿ. ಗಣಿಯ ವರ್ಕ್‌ಶಾಪುಗಳಲ್ಲಿ ಪಳಗಿದ ಕೈಗಳಿಂದ ಕಲಿತವರು ಈ ಊರಲ್ಲಿ ಇನ್ನೂ ಇದ್ದಾರೆ, ಅಳತೆ ಕೊಟ್ಟರೆ ಆನ್‌ಲೈನಿನ ಮಾಲಿಗಿಂತ ಚೆನ್ನಾಗಿಯೇ ಕೂರಿಸಿ ಕೊಡುತ್ತಾರೆ.

ಮಂಗಳೂರು ಹೆಂಚಿನ ಮಾಡಿಗೆ ಜಾಲರಿಯನ್ನು ಹೆಂಚಿನ ಮೊದಲ ಸಾಲಿನ ಕೆಳಗೆ ತೂರಿಸಬೇಕು, ಹೆಂಚಿಗೆ ಮೊಳೆ ಹೊಡೆಯಬಾರದು. ಸುಕ್ಕು ಶೀಟಿನ ಮಾಡಾದರೆ ಶೀಟಿನ ಅಲೆಗೂ ಜಾಲರಿಗೂ ನಡುವೆ ಬಾಯಿ ಉಳಿಯುತ್ತದೆ. ಅಲ್ಲಿಂದ ಸೂಜಿಯಷ್ಟೇ ಅಲ್ಲ, ಅಳಿಲೂ ಒಳಗೆ ಹೋಗುತ್ತದೆ. ಜಾಲರಿಯ ಹಿಂಬದಿಯನ್ನು ಅಲೆಯ ಆಕಾರಕ್ಕೆ ಕತ್ತರಿಸಿ ಮಡಚಿದರೆ ಸಂದಿ ಮುಚ್ಚುತ್ತದೆ. ಜಿ.ಐ. ದೋಣಿಗೆ ಸ್ಟೀಲ್ ಜಾಲರಿ ನೇರವಾಗಿ ತಾಗಿಕೊಂಡು ಒದ್ದೆ ಇದ್ದರೆ ಸತುವಿನ ಲೇಪ ಬೇಗ ಸವೆಯುತ್ತದೆ, ನಡುವೆ ರಬ್ಬರ್ ಪಟ್ಟಿ ಇಡಿಸಿ. ಕ್ಲಿಪ್ಪಿನಿಂದ ಸಿಕ್ಕಿಸುವ ಬಗೆಯನ್ನು ಕೋತಿಗಳು ಮಧ್ಯಾಹ್ನದೊಳಗೆ ಕಿತ್ತು ಎಸೆಯುತ್ತವೆ, ಆದ್ದರಿಂದ ಒಂದೂವರೆ ಅಡಿಗೊಂದು ಸ್ಕ್ರೂ ಬೇಕು.

ಹಳೆಯ ಬಂಗಲೆಗಳಲ್ಲಿ ಎರಡು ಮಾಡು ಕೂಡುವ ಕಡೆ ತಗಡಿನ ಕಣಿವೆ ಇರುತ್ತದೆ. ಅದಕ್ಕೆ ಜಾಲರಿ ಹೊದಿಸಬೇಡಿ. ಎರಡು ಮಾಡಿನ ನೀರು, ಎರಡು ಮಾಡಿನ ಸೂಜಿ ಒಂದೇ ಕಡೆ ಬರುವ ಜಾಗ ಅದು. ತೆರೆದೇ ಇರಲಿ, ತಿಂಗಳಿಗೊಮ್ಮೆ ಗುಡಿಸಿ. ಕಣಿವೆ ದೋಣಿಗೆ ಸೇರುವ ಮೂಲೆಯಲ್ಲಿ ನೀರು ಜಾಲರಿ ಹಾರಿ ಹೋಗದಂತೆ ಆರಂಗುಲ ಎತ್ತರದ ತಗಡಿನ ತಡೆ ನಿಲ್ಲಿಸಿದರೆ ಸಾಕು.

ಜಾಲರಿಗಿಂತ ಮೊದಲು ದೋಣಿಯೇ ಸರಿಯಿದೆಯೇ ನೋಡಿ. ಮೀಟರಿಗೆ ಐದು ಮಿಲಿಮೀಟರ್ ವಾಟ ಇಳಿಪೈಪಿನ ಕಡೆಗೆ ಇರಬೇಕು. ಗಂಟೆಗೆ 100 ಮಿ.ಮೀ. ರಭಸದ ಮಳೆಗೆ ನಾಲ್ಕಿಂಚಿನ ಒಂದು ಪೈಪು ಸುಮಾರು 40 ಚದರ ಮೀಟರ್ ಮಾಡಿನ ನೀರನ್ನು ಮಾತ್ರ ಇಳಿಸಬಲ್ಲದು, ಮೂರಿಂಚಿನದು ಅದರಲ್ಲಿ ಅರ್ಧ. 2021ರ ನವೆಂಬರ್‌ನಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಸುರಿದಂಥ ಮಳೆ ಮತ್ತೆ ಬಂದರೆ, ದೊಡ್ಡ ಬಂಗಲೆಗೆ ಒಂದೇ ಪೈಪಿದ್ದಲ್ಲಿ ಯಾವ ಜಾಲರಿಯೂ ಕಾಪಾಡದು.

ಗಣಿ ಕಾರ್ಮಿಕರ ಲೈನ್ ಮನೆಗಳಿಗೆ ನನ್ನ ಸಲಹೆ ಬೇರೆ. ಸೂರು ಅಲ್ಲಿ ಕೈಗೆಟುಕುವ ಎತ್ತರ. ಜಾಲರಿಗೆ ಹಾಕುವ ದುಡ್ಡಿನಲ್ಲಿ ಆರಿಂಚು ಅಗಲದ ತೆರೆದ ದೋಣಿ ಹಾಕಿಸಿ, ಇಳಿಪೈಪಿನ ಬಾಯಿಗೆ ಮಾತ್ರ ಜಾಲರಿಯ ಬುಟ್ಟಿ ಇಟ್ಟುಕೊಳ್ಳಿ. ಸ್ಟೂಲು ಹತ್ತಿ ಹಿಡಿಪೊರಕೆಯಿಂದ ಎಳೆದರೆ ಐದು ನಿಮಿಷದ ಕೆಲಸ. ಆರ್‌ಸಿಸಿ ತಾರಸಿ ಇರುವವರಿಗೆ ದೋಣಿಯೇ ಇಲ್ಲ, ನೀರು ಹೋಗುವ ಮೂಲೆಯ ತೂತೇ ಎಲ್ಲ. ಅಲ್ಲಿ ಚಪ್ಪಟೆ ಜಾಲಿ ಬೇಡ, ಒಂದೇ ಹಾಸು ಸೂಜಿಗೆ ಅದು ಮುಚ್ಚಿಹೋಗುತ್ತದೆ; ಗುಮ್ಮಟದ ಆಕಾರದ, ಅಂಗೈ ಎತ್ತರದ ಜಾಲಿ ಕೂರಿಸಿ. ಬುಡದಲ್ಲಿ ಸೂಜಿ ತುಂಬಿದರೂ ಮೇಲಿನಿಂದ ನೀರು ಇಳಿಯುತ್ತದೆ.

ಯಾವ ಗಾರ್ಡ್ ಹಾಕಿದರೂ ‘ಇನ್ನು ಜನ್ಮದಲ್ಲಿ ಗುಡಿಸಬೇಕಿಲ್ಲ’ ಎಂಬ ಜಾಹೀರಾತನ್ನು ನಂಬಬೇಡಿ. ಜಾಲರಿ ಮಾಡುವುದು ದೋಣಿಯೊಳಗಿನ ಕಷ್ಟದ ಕೆಲಸವನ್ನು ಮೇಲ್ಮೈಯ ಸುಲಭದ ಕೆಲಸವಾಗಿಸುವುದು, ಅಷ್ಟೇ. ಉದ್ದ ಕೋಲಿಗೆ ಮೆತ್ತನೆಯ ಬ್ರಷ್ ಕಟ್ಟಿ ನೆಲದಲ್ಲೇ ನಿಂತು ಗುಡಿಸಬಹುದು. ಆಷಾಢದ ಗಾಳಿ ತಗ್ಗಿದ ಮೇಲೆ, ಗಣೇಶನ ಹಬ್ಬದ ಹೊತ್ತಿಗೆ, ಒಮ್ಮೆ ಜಾಲರಿಯನ್ನು ಪೈಪಿನ ನೀರಿನಿಂದ ತೊಳೆಯಬೇಕು. ಒಂದೆರಡು ಕಡೆ ಸ್ಕ್ರೂ ಬಿಚ್ಚಿ ತಳದಲ್ಲಿ ಪುಡಿ ಕೂತಿದೆಯೇ ನೋಡಬೇಕು. ಯುಗಾದಿಯ ನಂತರ, ಮೇ ಮಳೆಗೆ ಮೊದಲು, ಇನ್ನೊಮ್ಮೆ. ನೀರು ನಿಂತ ದೋಣಿಯಲ್ಲಿ ವಾರ ಹತ್ತು ದಿನದಲ್ಲಿ ಡೆಂಗಿ ಸೊಳ್ಳೆ ಹೊರಬರುತ್ತದೆ, ಹಾಗಾಗಿ ಮಳೆ ನಿಂತ ಮಾರನೇ ದಿನವೂ ಎಲ್ಲಿ ನೀರು ಉಳಿದಿದೆ ಎಂದು ಕಣ್ಣಾಡಿಸಿ. ಹಳೆಯ ಆಸ್ಬೆಸ್ಟಾಸ್ ಶೀಟಿನ ಮೇಲೆ ಯಾರೂ ಕಾಲಿಡಬಾರದು. ಎಷ್ಟು ಗಟ್ಟಿ ಕಂಡರೂ ವರ್ಷಗಳ ಬಿಸಿಲು ಮಳೆಗೆ ಸೊರಗಿರುತ್ತದೆ, ಹತ್ತಿದವರು ಶೀಟಿನ ಸಮೇತ ಒಳಗೆ ಬೀಳುತ್ತಾರೆ. ಏಣಿ ಹಿಡಿಯಲು ಕೆಳಗೊಬ್ಬರು ಇಲ್ಲದೆ ಹತ್ತಬೇಡಿ, ವಿದ್ಯುತ್ ತಂತಿ ಹಾದ ಬದಿಯನ್ನು ಲೈನ್‌ಮನ್‌ಗೆ ಹೇಳದೆ ಮುಟ್ಟಬೇಡಿ.

ನೀರನ್ನು ಸಂಪಿಗೆ ಬಿಡುವವರು ಮೊದಲ ಮಳೆಯ ನೀರನ್ನು ಬಿಟ್ಟುಬಿಡಬೇಕು. ಸರ್ವೆಯ ಒಗರಿನಿಂದ ಅದು ಕಂದು ಬಣ್ಣಕ್ಕಿರುತ್ತದೆ, ಪುಡಿಯೂ ಕಲೆತಿರುತ್ತದೆ. ಐವತ್ತು ಚದರ ಮೀಟರಿನ ಮಾಡಿಗೆ ಮೊದಲ ಎರಡು ಮಿಲಿಮೀಟರ್ ಮಳೆ ಎಂದರೆ ನೂರು ಲೀಟರ್. ನಾಲ್ಕಿಂಚಿನ ಪಿವಿಸಿ ಪೈಪು ಮೀಟರಿಗೆ ಎಂಟೊಂಬತ್ತು ಲೀಟರ್ ಮಾತ್ರ ಹಿಡಿಯುವುದರಿಂದ, ಗೋಡೆಗೆ ನಿಲ್ಲಿಸಿದ ಪೈಪಿನ ತುಂಡು ಇದಕ್ಕೆ ಸಾಲದು. ಇನ್ನೂರು ಲೀಟರಿನ ಡ್ರಮ್ಮೊಂದನ್ನು ಮೊದಲ ನೀರಿಗೆಂದು ಇಟ್ಟು, ಅದು ತುಂಬಿದ ಮೇಲೆ ಸಂಪಿಗೆ ಹೋಗುವಂತೆ ಜೋಡಿಸಿ. ಡ್ರಮ್ಮಿನ ನೀರು ಅಂಗಳ ತೊಳೆಯಲು ಆಗುತ್ತದೆ. ಸಂಪಿನ ಬಾಯಿಗೆ ಬೇರೆ ಫಿಲ್ಟರ್ ಬೇಕು; ಬೆಂಗಳೂರಿನ ಎ.ಆರ್. ಶಿವಕುಮಾರ್ ಅವರು ರೂಪಿಸಿದ ಪಾಪ್‌ಅಪ್ ಫಿಲ್ಟರ್ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಬಳಕೆಯಲ್ಲಿದೆ, ತೆಗೆದು ತೊಳೆಯುವುದೂ ಸುಲಭ.

ಈ ನೀರು ಬಟ್ಟೆಗೆ, ಸ್ನಾನಕ್ಕೆ, ಗಿಡಕ್ಕೆ ಚೆನ್ನಾಗಿ ಒದಗುತ್ತದೆ. ಕುಡಿಯುವ ವಿಷಯದಲ್ಲಿ ಮಾತ್ರ ಬಂಗಾರಪೇಟೆಗೂ ಚಾಂಪಿಯನ್ ರೀಫ್ಸ್‌ಗೂ ಒಂದೇ ಮಾತು ಹೇಳಲಾಗದು. ಗುಡ್ಡದ ಪುಡಿ ಬೀಳದ ಊರುಗಳಲ್ಲಿ ಸೋಸಿ ಕುದಿಸಿದ ಮಳೆನೀರು ಫ್ಲೋರೈಡ್ ಇರುವ ಬೋರ್ ನೀರಿಗಿಂತ ಎಷ್ಟೋ ಮೇಲು. ಗುಡ್ಡಗಳ ಮಗ್ಗುಲಲ್ಲಿ ಇರುವವರು, ಅರ್ಧ ಮಿಲಿಮೀಟರಿನ ಜಾಲರಿ ಆ ಪುಡಿಯನ್ನು ತಡೆಯುವುದಿಲ್ಲವೆಂಬುದನ್ನು ಮರೆಯದೆ, ಸಂಪಿನ ನೀರಿನ ಮಾದರಿಯನ್ನು ಶುದ್ಧ ಬಾಟಲಿಯಲ್ಲಿ ಕೋಲಾರದ ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಒಯ್ದು, ಆರ್ಸೆನಿಕ್ ಮತ್ತು ಸೈನೈಡ್ ಪರೀಕ್ಷೆ ಆಗುತ್ತದೆಯೇ ಎಂದು ಹೆಸರು ಹಿಡಿದೇ ಕೇಳಿ. ವರದಿ ಕೈಗೆ ಬರುವವರೆಗೆ ಆ ನೀರನ್ನು ಮಕ್ಕಳ ಲೋಟಕ್ಕೆ ಹಾಕಬೇಡಿ.